ಮಾತು ತಪ್ಪಿದವನು ಮತ್ತೆ ಮಲೆ ಹತ್ತಬಹುದೆ?

ಶ್ರೀ ಮಲೆ ಮಹದೇಶ್ವರ ಸ್ವಾಮಿಯವರ ಸನ್ನಿಧಿಯಲ್ಲಿ ದೀಪಾವಳಿ, ಮಹಾಶಿವರಾತ್ರಿಗಳಂತೆಯೇ ಯುಗಾದಿಗೂ ಜಾತ್ರೆ ನಡೆಯುತ್ತದೆ. ಎಣ್ಣೆಮಜ್ಜನ, ಅಮಾವಾಸ್ಯೆಯ ಪೂಜೆಗಳು ಮುಗಿದು ಚೈತ್ರ ಶುದ್ಧ ಪಾಡ್ಯಮಿ ಬಂತೆಂದರೆ ಹೊಸ ಸಂವತ್ಸರ, ಮಹಾರಥೋತ್ಸವ. ಆ ಮೂರು ನಾಲ್ಕು ದಿನ ಕೊಳ್ಳೇಗಾಲದ ಕಡೆಯಿಂದ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನರಸೀಪುರ, ಮಳವಳ್ಳಿ, ಕನಕಪುರ, ಮಂಡ್ಯ ಕಡೆಯವರು, ಗಡಿಯಾಚೆ ತಮಿಳುನಾಡಿನ ಮೇಟೂರು ಕಡೆಯವರು ಎಲ್ಲರೂ ಸೇರುತ್ತಾರೆ. ತಾಳುಬೆಟ್ಟದಿಂದ ನಡೆದು ಹತ್ತುವವರ "ಉಘೇ ಮಾದಪ್ಪ" ಎಂಬ ಕೂಗು ರಾತ್ರಿಯೆಲ್ಲ ಕಾಡಿನೊಳಗೆ ಕೇಳಿಬರುತ್ತಲೇ ಇರುತ್ತದೆ.

ಇಂತಹ ಒಂದು ಯುಗಾದಿಯ ಹಿಂದಿನ ದಿನ ತಾಳುಬೆಟ್ಟದ ಬುಡದಲ್ಲಿ ಒಬ್ಬ ರೈತ ಕುಳಿತಿದ್ದ. ವಯಸ್ಸು ನಲವತ್ತರ ಆಸುಪಾಸು. ಹೆಂಡತಿ ಮಕ್ಕಳನ್ನು ಊರವರ ಜೊತೆ ಮೇಲಕ್ಕೆ ಕಳುಹಿಸಿ ತಾನು ಮಾತ್ರ ಕೆಳಗೇ ಉಳಿದಿದ್ದ. ಮಂಡಿ ನೋವು ಎಂಬುದು ನೆಪ. ಹಿಂದಿನಿಂದ ನಿಧಾನವಾಗಿ ಬಂದ ಅದೇ ಊರಿನ ಮುದುಕಿಯೊಬ್ಬಳು "ಯಾಕ್ಲ ಮಗ, ಇಲ್ಲೇ ಕುಂತ್ಕಂಡೆ?" ಎಂದು ಕೇಳಿದಾಗ ಬಾಯಿ ಬಿಟ್ಟ. ಹಿಂದಿನ ಯುಗಾದಿಯಲ್ಲಿ ಅವನ ಭಾವಮೈದುನರು ಅವನನ್ನು ಕರೆತಂದು, ಇನ್ನು ಮೇಲೆ ಹೆಂಡ ಮುಟ್ಟುವುದಿಲ್ಲವೆಂದು ಕರ್ಪೂರ ಹಚ್ಚಿ ಆಣೆ ಮಾಡಿಸಿದ್ದರು. ಎರಡು ತಿಂಗಳು ನಡೆಸಿದ. ಆಮೇಲೆ ನೆಂಟರ ಮನೆಯ ಬೀಗರೂಟದಲ್ಲಿ ಮುಟ್ಟಿದ. ಒಂದು ಸಲ ಮುಟ್ಟಿದ ಮೇಲೆ ಹೆಂಗೂ ಆಣೆ ಹೋಯ್ತಲ್ಲ ಎಂದು ಮೊದಲಿಗಿಂತ ಹೆಚ್ಚೇ ಆಯಿತು.

"ಮಾತ್ ತಪ್ದೋನು ಕನವ್ವ ನಾನು. ಯಾವ ಮಕ ಇಟ್ಕಂಡು ಮ್ಯಾಕ್ಕೆ ಬರ್ಲಿ?" ಎಂದ.

ಆ ಮುದುಕಿ ಏನು ಮಾಡಿದಳೆಂಬುದನ್ನು ಮುಂದೆ ಹೇಳಬಹುದು. ಮೊದಲು ಅವನ ಪ್ರಶ್ನೆಯನ್ನು ನೋಡಬೇಕು, ಏಕೆಂದರೆ ಅದು ಅವನೊಬ್ಬನದಲ್ಲ. ಹೊಸ ವರ್ಷಕ್ಕೆಂದು ಸನ್ನಿಧಿಗೆ ಬರುವ ಅನೇಕರ ಮನಸ್ಸಿನಲ್ಲಿ ಅದು ಇರುತ್ತದೆ. ಹೋದ ವರ್ಷ ಹೀಗೆ ಇರುತ್ತೇನೆ ಅಂದುಕೊಂಡಿದ್ದೆ, ಇರಲಿಲ್ಲ. ಈಗ ಮತ್ತೆ ಯಾವ ಬಾಯಲ್ಲಿ ಕೇಳಲಿ? ಕುಡಿತವೇ ಆಗಬೇಕಿಲ್ಲ. ತಮ್ಮನ ಜೊತೆ ಮಾತು ಬಿಟ್ಟವರು ಮಾತಾಡಿಸುತ್ತೇನೆ ಎಂದು ಅಂದುಕೊಂಡು ಮಾತಾಡಿಸದೆ ವರ್ಷ ಕಳೆದಿರುತ್ತಾರೆ. ತಾಯಿಯನ್ನು ಗದರಿಸಬಾರದು ಎಂದುಕೊಂಡವರು ಗದರಿಸಿರುತ್ತಾರೆ. ಕೆಲವರು ಈ ಮುಜುಗರದಿಂದ ಏನನ್ನೂ ಅಂದುಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ. "ಇದೆಲ್ಲ ನಮಗೆ ಆಗೋದಲ್ಲ ಬುಡಿ" ಎನ್ನುತ್ತಾರೆ. ಅದು ವಿನಯದ ಮಾತಿನಂತೆ ಕೇಳಿಸಿದರೂ ವಿನಯವಲ್ಲ. ಸೋತದ್ದನ್ನು ಮತ್ತೊಮ್ಮೆ ನೋಡಲು ಮನಸ್ಸಿಲ್ಲದಿರುವುದು, ಅಷ್ಟೆ.

ಹರಕೆ, ಆಣೆ, ಸಂಕಲ್ಪ ಈ ಮೂರನ್ನೂ ಜನ ಒಂದೇ ಎಂಬಂತೆ ಆಡುತ್ತಾರೆ. ಆದರೆ ಮೂರೂ ಬೇರೆ ಬೇರೆ. ಮಗುವಿಗೆ ಜ್ವರ ಬಿಟ್ಟರೆ ಮುಡಿ ಕೊಡುತ್ತೇನೆ, ಬೋರಿನಲ್ಲಿ ನೀರು ಬಿದ್ದರೆ ಉರುಳುಸೇವೆ ಮಾಡುತ್ತೇನೆ ಎನ್ನುವುದು ಹರಕೆ. ಇದರಲ್ಲಿ ಕೊಡುವುದು ಏನು, ಎಷ್ಟು ಎಂಬುದು ಸ್ಪಷ್ಟ. ತೀರಿಸಿದ ದಿನ ತೀರಿತು. ಅದಕ್ಕೇ ನಮ್ಮ ಜನ ಹರಕೆಯಲ್ಲಿ ಮಾತು ತಪ್ಪುವುದು ಕಡಿಮೆ. ಅಜ್ಜಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡುಪನ್ನು ಅವಳು ತೀರಿಕೊಂಡ ಮೇಲೆ ಮೊಮ್ಮಗ ತಂದು ಒಪ್ಪಿಸುವುದೂ ಉಂಟು. ಆಣೆ ಅಂದರೆ ಇನ್ನೊಬ್ಬರು ನಂಬಲಿ ಎಂದು ದೇವರನ್ನು ಸಾಕ್ಷಿಗೆ ಎಳೆಯುವುದು. ಅದರಲ್ಲಿ ಭಯವೇ ಮುಖ್ಯ. ಸಂಕಲ್ಪವೆಂದರೆ ತನ್ನ ನಡತೆಯ ಬಗ್ಗೆ ತಾನೇ ಮಾಡಿಕೊಳ್ಳುವ ನಿಶ್ಚಯ. ಇದನ್ನು ಎಣಿಸಿ ಕೊಡಲು ಬರುವುದಿಲ್ಲ. ಒಂದು ದಿನಕ್ಕೆ ತೀರುವುದೂ ಇಲ್ಲ. ಸಂಕಲ್ಪವನ್ನು ಹರಕೆಯ ಹಾಗೆ, ಇಲ್ಲವೇ ಆಣೆಯ ಹಾಗೆ ಮಾಡಿಕೊಳ್ಳುವುದರಿಂದಲೇ ಬಹಳಷ್ಟು ತೊಂದರೆ ಹುಟ್ಟುವುದು.

ದೇವಸ್ಥಾನಗಳಲ್ಲಿ ಪೂಜೆಗೆ ಮೊದಲು ಅರ್ಚಕರು ಸಂಕಲ್ಪ ಹೇಳಿಸುವುದನ್ನು ಯಾತ್ರಿಕರು ಕೇಳಿರುತ್ತಾರೆ. ಸಂಸ್ಕೃತವಾದ್ದರಿಂದ ಹಲವರು ಅರ್ಥದ ಗೋಜಿಗೆ ಹೋಗದೆ ಕೈಮುಗಿದು ನಿಂತಿರುತ್ತಾರೆ. ಅದರಲ್ಲಿ ಬೇಡಿಕೆ ಬರುವುದು ಕಡೆಯಲ್ಲಿ. ಮೊದಲು ಬರುವುದು ಯಾವ ದೇಶ, ಯಾವ ಶಕ, ಯಾವ ಸಂವತ್ಸರ, ಯಾವ ಅಯನ, ಯಾವ ಋತು, ಯಾವ ಮಾಸ, ಯಾವ ಪಕ್ಷ, ಯಾವ ತಿಥಿ, ಯಾವ ವಾರ ಎಂಬುದು. ಆಮೇಲೆ ಗೋತ್ರ, ನಕ್ಷತ್ರ, ಹೆಸರು. ಏನು ಬೇಕು ಎಂದು ಹೇಳುವುದಕ್ಕೆ ಮುಂಚೆ ನಿಂತಿರುವುದು ಎಲ್ಲಿ, ನಿಂತಿರುವವನು ಯಾರು ಎಂದು ಹೇಳಿಕೊಳ್ಳಬೇಕು ಎಂದಾಯಿತು. ಹೊಸ ವರ್ಷದ ಸಂಕಲ್ಪ ಮಾಡುವವರು ಸಾಮಾನ್ಯವಾಗಿ ಬಿಡುವುದು ಈ ಮೊದಲ ಭಾಗವನ್ನೇ. ಎಲ್ಲಿ ನಿಂತಿದ್ದೇವೆ ಎಂದು ನೋಡದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಹೇಳಿಬಿಡುತ್ತಾರೆ.

ಸಂವತ್ಸರದ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಪ್ರಭವದಿಂದ ಆರಂಭವಾಗುವ ಅರವತ್ತು ಸಂವತ್ಸರಗಳಲ್ಲಿ ಶುಭಕೃತು, ಆನಂದ ಎಂಬ ಹೆಸರುಗಳಿರುವಂತೆಯೇ ದುರ್ಮುಖಿ, ಕ್ರೋಧಿ ಎಂಬ ಹೆಸರುಗಳೂ ಇವೆ. 2024ರ ಯುಗಾದಿಗೆ ಬಂದದ್ದು ಕ್ರೋಧಿ. 2025ರ ಮಾರ್ಚ್ 30ರ ಯುಗಾದಿಗೆ ವಿಶ್ವಾವಸು. ಅದರ ಮುಂದಿನದು 2026ರ ಮಾರ್ಚ್ 19ರ ಯುಗಾದಿಯಿಂದ ಲೆಕ್ಕವಾಗುವ ಪರಾಭವ. ಪರಾಭವ ಎಂದರೆ ಸೋಲು ತಾನೆ, ಇದೇನು ಅಪಶಕುನ ಎಂದು ಕೆಲವರು ಗಾಬರಿಯಾಗುವುದುಂಟು. 1966ರಲ್ಲಿಯೂ ಇದೇ ಪರಾಭವ ಬಂದಿತ್ತು. ಆ ವರ್ಷವೂ ಮದುವೆಗಳಾದವು, ಮಕ್ಕಳು ಹುಟ್ಟಿದವು. ಸೋಲಿನ ಹೆಸರನ್ನೂ ಪಟ್ಟಿಯಿಂದ ತೆಗೆದುಹಾಕದೆ, ಪೂಜೆಯ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಿಯೇ ಮುಂದುವರಿಯುವ ಪದ್ಧತಿಯನ್ನು ಹಿರಿಯರು ಇಟ್ಟರು ಎಂಬುದನ್ನು ಗಮನಿಸಬೇಕು.

ಯುಗಾದಿಯೂ ಕಚೇರಿಗಳ ಲೆಕ್ಕದ ವರ್ಷಾಂತ್ಯವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಮಾರ್ಚ್ 31ಕ್ಕೆ ನಗದು ಪುಸ್ತಕ ಮುಗಿಸಿ ಆಖೈರು ಶಿಲ್ಕು ತೆಗೆಯುತ್ತಾರೆ. ಅದೇ ಮೊತ್ತ ಏಪ್ರಿಲ್ 1ಕ್ಕೆ ಆರಂಭ ಶಿಲ್ಕಾಗಿ ಹೊಸ ಪುಟಕ್ಕೆ ಬರುತ್ತದೆ. ಹೊಸ ವರ್ಷ ಬಂತೆಂದು ಯಾರೂ ಸೊನ್ನೆಯಿಂದ ಶುರು ಮಾಡುವುದಿಲ್ಲ. ಲೆಕ್ಕ ಬರೆದವರಿಗೆ ಗೊತ್ತಿರುವ ಇನ್ನೊಂದು ಕ್ರಮವಿದೆ. ಅಂಕಿ ತಪ್ಪಾಗಿ ಬರೆದಿದ್ದರೆ ಅದನ್ನು ಬ್ಲೇಡಿನಿಂದ ಕೆರೆಯಬಾರದು, ಬಿಳಿ ಬಣ್ಣ ಬಳಿಯಬಾರದು, ಪುಟವನ್ನು ಹರಿಯಲಂತೂ ಕೂಡದು. ತಪ್ಪಿದ ಅಂಕಿ ಓದಲು ಕಾಣುವಂತೆಯೇ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಸರಿಯಾದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಹೆದರಿ ತಪ್ಪಿದ್ದನ್ನು ಕಪ್ಪಗೆ ಗೀಚಿ ಗೀಚಿ ತೂತು ಮಾಡುತ್ತಾರೆ. ತಪಾಸಣೆಗೆ ಬಂದವರು ಮೊದಲು ಬೆರಳಿಡುವುದು ಆ ತೂತಿನ ಮೇಲೆಯೇ. ಒಂದು ಗೆರೆ ಎಳೆದ ತಪ್ಪನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಮನುಷ್ಯನು ತನ್ನ ಕಳೆದ ವರ್ಷವನ್ನು ನೋಡಿಕೊಳ್ಳುವುದಕ್ಕೂ ಇದೇ ಕ್ರಮ ಸಾಕು. ಕೆಲವರು ತಪ್ಪನ್ನು ಬಿಳಿ ಬಣ್ಣ ಬಳಿದು ಮುಚ್ಚುತ್ತಾರೆ: ನಾನು ಅಷ್ಟೇನೂ ಕುಡಿದಿಲ್ಲ, ಅವನೇ ಮೊದಲು ಬೈದದ್ದು. ಇನ್ನು ಕೆಲವರು ಗೀಚಿ ತೂತು ಮಾಡುತ್ತಾರೆ: ನಾನು ಮನುಷ್ಯನೇ ಅಲ್ಲ, ನನ್ನಂಥ ಪಾಪಿ ಇಲ್ಲ. ಎರಡನೆಯವರು ಮೊದಲನೆಯವರಿಗಿಂತ ಪ್ರಾಮಾಣಿಕರು ಎಂಬ ಭಾವನೆ ಇದೆ. ಅದು ಸಂಪೂರ್ಣ ನಿಜವಲ್ಲ. ತನ್ನನ್ನು ತಾನು ಪಾಪಿ ಎಂದು ಬೈದುಕೊಂಡವನಿಗೆ ಯಾವ ದಿನ, ಯಾರ ಮನೆಯಲ್ಲಿ, ಯಾವ ಮಾತಿಗೆ ತಪ್ಪಿತು ಎಂದು ನೋಡುವ ಕೆಲಸ ಉಳಿದುಬಿಡುತ್ತದೆ. ಬೈಗುಳ ದೊಡ್ಡದಾದಷ್ಟೂ ವಿವರ ಕಡಿಮೆ.

ಜೊತೆಗೆ ಪುಸ್ತಕದಲ್ಲಿ ಜಮಾ ಎಂಬ ಕಡೆಯೂ ಒಂದಿದೆ. ಪಶ್ಚಾತ್ತಾಪದಲ್ಲಿರುವವರು ಖರ್ಚಿನ ಕಡೆಯನ್ನು ಮಾತ್ರ ಬರೆಯುತ್ತಾರೆ. ತಾಳುಬೆಟ್ಟದಲ್ಲಿ ಕುಳಿತಿದ್ದ ಆ ರೈತ ಎರಡು ತಿಂಗಳು ಮುಟ್ಟಿರಲಿಲ್ಲ. ಎರಡು ತಿಂಗಳೆಂದರೆ ಅರವತ್ತು ಸಂಜೆ. ಆ ಅರವತ್ತು ಸಂಜೆ ಅವನು ಏನು ಮಾಡಿದ, ಯಾರ ಜೊತೆ ಕುಳಿತ, ಹೇಗೆ ನಿದ್ದೆ ಬಂತು ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ಮುಂದಿನ ವರ್ಷಕ್ಕೆ ಬೇಕಾದ ಬಂಡವಾಳವೆಲ್ಲ ಇರುವುದು ಅಲ್ಲಿಯೇ. ಯುಗಾದಿಯ ಬೆಳಿಗ್ಗೆ ಬೇವಿನ ಹೂವನ್ನೂ ಬೆಲ್ಲವನ್ನೂ ಬೇರೆ ಬೇರೆ ಬಟ್ಟಲಲ್ಲಿ ಇಟ್ಟು ಕೊಡುವುದಿಲ್ಲ, ಕುಟ್ಟಿ ಕಲೆಸಿಯೇ ಕೈಗೆ ಹಾಕುತ್ತಾರೆ. ಬೆಲ್ಲವನ್ನಷ್ಟೇ ಆರಿಸಿ ತಿನ್ನುವ ಮಕ್ಕಳನ್ನು ದೊಡ್ಡವರು ಗದರುತ್ತಾರೆ. ಬೇವನ್ನಷ್ಟೇ ಆರಿಸಿ ತಿನ್ನುವ ದೊಡ್ಡವರನ್ನೂ ಯಾರಾದರೂ ಗದರಬೇಕು.

ಆಣೆಯ ವಿಚಾರಕ್ಕೆ ಮಾದಪ್ಪನ ಕಥೆಯಲ್ಲಿಯೇ ಒಂದು ದೊಡ್ಡ ಪ್ರಸಂಗವಿದೆ. ಕಂಸಾಳೆಯವರು, ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಹದೇಶ್ವರ ಕಾವ್ಯವು ಅನೇಕ ಸಾಲುಗಳಾಗಿ ವಿಂಗಡವಾಗಿದೆ. ಅದರಲ್ಲಿ ಸಂಕಮ್ಮನ ಸಾಲು ಎಂಬುದು ಹೆಣ್ಣುಮಕ್ಕಳಿಗೆ ಬಹಳ ಪ್ರಿಯವಾದದ್ದು. ಹಾಡುವವರಿಂದ ಹಾಡುವವರಿಗೆ ವಿವರ ವ್ಯತ್ಯಾಸವಾದರೂ ತಿರುಳು ಒಂದೇ. ಸಂಕಮ್ಮ ಸೋಲಿಗರ ನೀಲಯ್ಯನ ಹೆಂಡತಿ. ಮಕ್ಕಳಿಲ್ಲ. ನೀಲಯ್ಯನಿಗೆ ಕಾಡಿಗೆ ಹೋಗಬೇಕಾಗಿದೆ, ಬಹಳ ದಿನ ಮನೆಯಲ್ಲಿ ಇರುವುದಿಲ್ಲ. ಅವನಿಗೆ ಹೆಂಡತಿಯ ಮೇಲೆ ಶಂಕೆ. ಹೋಗುವ ಮುಂಚೆ ಕೈ ಮೇಲೆ ಕೈಯಿಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ನೀಲಯ್ಯ ಹಿಂಸೆ ಕೊಡುತ್ತಾನೆ, ಬಂಧನದಲ್ಲಿಟ್ಟು ಹೋಗುತ್ತಾನೆ. ಆದರೂ ಅವಳು ಭಾಷೆ ಕೊಡುವುದಿಲ್ಲ. ಅವಳ ಮೊರೆ ಕೇಳಿ ಮಾದಪ್ಪ ಅಲ್ಲಿಗೆ ಬರುತ್ತಾನೆ, ಬಂಧನ ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಹಾಗೆ ಹುಟ್ಟಿದವರೇ ಕಾರಯ್ಯ ಮತ್ತು ಬಿಲ್ಲಯ್ಯ.

ಈ ಕಥೆಯನ್ನು ಕೇಳಿ ಕಣ್ಣೀರು ಹಾಕುವವರಲ್ಲಿ ಕೆಲವರಾದರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಸಂಕಮ್ಮ ತಪ್ಪು ಮಾಡುವವಳಲ್ಲ, ಹಾಗಿದ್ದ ಮೇಲೆ ಭಾಷೆ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು? ಅಷ್ಟು ಹಿಂಸೆ ಯಾಕೆ ಪಡಬೇಕಿತ್ತು? ಅವಳು ನೀತಿಯನ್ನು ನಿರಾಕರಿಸಲಿಲ್ಲ. ಶಂಕೆಯ ಕೈಗೆ ತನ್ನ ಕೈ ಕೊಡುವುದನ್ನು ನಿರಾಕರಿಸಿದಳು. ಶಂಕೆಯಿಂದ ಕೇಳಿದ ಭಾಷೆ ಎಷ್ಟು ಸಿಕ್ಕಿದರೂ ಸಾಲುವುದಿಲ್ಲ. ಈ ಹೊತ್ತು ಕೈ ಮೇಲೆ ಕೈಯಿಟ್ಟರೆ ನಾಳೆ ದೀಪದ ಮೇಲೆ ಕೈಯಿಡು ಎನ್ನುತ್ತದೆ. ಮಾದಪ್ಪ ಬಂದು ನಿಂತದ್ದು ಭಾಷೆ ಕೇಳಿದವನ ಕಡೆಗಲ್ಲ, ಭಾಷೆ ಕೊಡದವಳ ಕಡೆಗೆ. ತನ್ನ ಸನ್ನಿಧಿಯಲ್ಲಿ ಇಷ್ಟೊಂದು ಆಣೆ ಭಾಷೆಗಳು ನಡೆಯುವ ದೇವರ ಕಥೆಯಲ್ಲಿಯೇ ಇದು ಇದೆ ಎಂಬುದು ಸಣ್ಣ ಮಾತಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಸಂಕಮ್ಮನ ಮೇಲಿನ ಶಂಕೆಗೆ ಆಧಾರವಿರಲಿಲ್ಲ. ಆದರೆ ಕುಡುಕನ ಹೆಂಡತಿಯ ದುಃಖಕ್ಕೆ ಆಧಾರವಿದೆ. ಮನೆಯಲ್ಲಿ ಅಕ್ಕಿ ಇಲ್ಲದಿರುವುದು, ಮಗಳ ಓದಿನ ದುಡ್ಡು ಹೋದದ್ದು ಅವಳಿಗೆ ಗೊತ್ತು. ಅವಳು ಮಾತು ಕೊಡು ಎಂದು ಕೇಳಿದರೆ ಅದು ನೀಲಯ್ಯನ ಕೇಳಿಕೆಯೇ? ಖಂಡಿತ ಅಲ್ಲ. ಅವಳಿಗೆ ಕೇಳುವ ಹಕ್ಕಿದೆ, ಕೇಳಬೇಕು ಕೂಡ. ಸಂಕಮ್ಮನ ಹೆಸರು ಹೇಳಿಕೊಂಡು "ನಾನ್ಯಾಕೆ ಮಾತು ಕೊಡಲಿ" ಎಂದು ಎದೆಯುಬ್ಬಿಸುವ ಗಂಡಸಿಗೆ ಆ ಕಥೆ ಅರ್ಥವಾಗಿಲ್ಲ ಎಂದೇ ಹೇಳಬೇಕು. ಆದರೆ ಹೆಂಡತಿ ಕೇಳುವುದು ಒಂದು, ಮನುಷ್ಯ ತನ್ನೊಳಗೇ ಒಬ್ಬ ನೀಲಯ್ಯನನ್ನು ಕೂರಿಸಿಕೊಂಡು ತನಗೆ ತಾನೇ ಆಣೆಯ ಮೇಲೆ ಆಣೆ ಹಾಕಿಕೊಳ್ಳುವುದು ಇನ್ನೊಂದು. ನೀನು ನಂಬಿಕಸ್ಥನಲ್ಲ, ನಿನಗೆ ಭಯವೇ ಮದ್ದು ಎಂದು ಒಳಗೇ ಹಂಗಿಸುತ್ತ ಮಾಡಿದ ಸಂಕಲ್ಪ ಮೊದಲ ಸಲ ಮುಗ್ಗರಿಸಿದ ದಿನವೇ "ನೋಡಿದೆಯಾ, ನಾನು ಹೇಳಲಿಲ್ಲವೆ" ಎನ್ನುತ್ತದೆ. ಆ ರೈತ ಬೀಗರೂಟದ ಮರುದಿನ ಮೊದಲಿಗಿಂತ ಹೆಚ್ಚು ಕುಡಿದದ್ದು ಈ ಮಾತು ಕೇಳಿಯೇ.

ಕನ್ನಡದ ಮಕ್ಕಳೆಲ್ಲ ಕಲಿಯುವ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟಿತು, ಉಳಿಸಿಕೊಂಡಿತು. ಅದನ್ನು ಸತ್ಯಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಆ ಮಾತು ಎಷ್ಟು ಚಿಕ್ಕದಾಗಿತ್ತು ಎಂಬುದನ್ನು ಗಮನಿಸುವವರು ಕಡಿಮೆ. ದೊಡ್ಡಿಗೆ ಹೋಗಿ ಕರುವಿಗೆ ಹಾಲು ಕೊಟ್ಟು ಬರುತ್ತೇನೆ, ಅಷ್ಟೆ. ಹೋಗುವ ಜಾಗ ಗೊತ್ತು, ಮಾಡುವ ಕೆಲಸ ಗೊತ್ತು, ಬರುವ ಹೊತ್ತು ಗೊತ್ತು. ಇನ್ನು ಜೀವಮಾನವಿಡೀ ನಿನ್ನ ಮಾತು ಮೀರುವುದಿಲ್ಲ ಎಂದು ಅದು ಹುಲಿಗೆ ಹೇಳಲಿಲ್ಲ. ಯುಗಾದಿಯ ಸಂಕಲ್ಪಗಳು ಮುರಿಯುವುದು ಹೆಚ್ಚಾಗಿ ಅವುಗಳ ಗಾತ್ರದಿಂದ. ಇನ್ನು ಮೇಲೆ ಕೋಪವನ್ನೇ ಮಾಡಿಕೊಳ್ಳುವುದಿಲ್ಲ ಎಂದು ಹೊರಟವನು ಬೆಟ್ಟದಿಂದ ಇಳಿಯುವ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವುದನ್ನು ಯಾರು ಬೇಕಾದರೂ ನೋಡಬಹುದು. ಊಟದ ಹೊತ್ತಿನಲ್ಲಿ ಮಗನನ್ನು ಬೈಯುವುದಿಲ್ಲ ಎಂದುಕೊಂಡಿದ್ದರೆ ಆ ಜಗಳದ ನಂತರವೂ ಅವನ ಸಂಕಲ್ಪ ಗಟ್ಟಿಯಾಗಿಯೇ ಇರುತ್ತಿತ್ತು.

ನಮ್ಮ ಸೀಮೆಯ ರೈತರಿಗೆ ಇದು ಹೊಸ ಮಾತಲ್ಲ. ಯುಗಾದಿಗೆ ಹೊನ್ನಾರು ಕಟ್ಟುವ ಪದ್ಧತಿಯಿದೆ. ಎತ್ತುಗಳಿಗೆ ಮೈ ತೊಳೆದು ಸಿಂಗಾರ ಮಾಡಿ, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ಕೆಲವು ಸಾಲು ಉತ್ತು ಬಿಡುತ್ತಾರೆ. ಆ ದಿನವೇ ಹೊಲವೆಲ್ಲ ಉಳುವುದಿಲ್ಲ. ಉಳಲು ಆಗುವುದೂ ಇಲ್ಲ, ಮಳೆಯಾಗಿರುವುದಿಲ್ಲ, ನೆಲ ಗಟ್ಟಿ. ಆದರೂ ಆ ನಾಲ್ಕು ಸಾಲು ಸುಳ್ಳಲ್ಲ. ಉಳಿದ ಹೊಲ ಮಳೆ ನೋಡಿಕೊಂಡು ಆಗುತ್ತದೆ. ಇದೇ ಸೀಮೆಯಲ್ಲಿ ಹಬ್ಬದ ಮರುದಿನ ವರ್ಷದ ತೊಡಕು. ಆ ದಿನ ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಎಂಬ ನಂಬಿಕೆಯಿಂದ ಮಕ್ಕಳನ್ನು ಹೊಡೆಯುವುದಿಲ್ಲ, ಸಾಲ ಕೇಳಲು ಯಾರೂ ಬರದಿರಲಿ ಎನ್ನುತ್ತಾರೆ. ಮಾಂಸದೂಟವೂ ಅದರ ಜೊತೆಗೆ ಕುಡಿತ, ಇಸ್ಪೀಟೂ ಅದೇ ದಿನ ಜೋರು. ಪಾಡ್ಯಮಿಯ ದಿನ ಬೆಟ್ಟದಲ್ಲಿ ಬಿಟ್ಟದ್ದನ್ನು ಬಿದಿಗೆಯ ದಿನ ಊರಿನಲ್ಲಿ ಹಿಡಿದವರು ಎಷ್ಟೋ ಮಂದಿ. ಹಾಗೆ ಹಿಡಿದವನು, ತೊಡಕಿನ ದಿನವೇ ತಪ್ಪಿತು, ಇನ್ನು ವರ್ಷವೆಲ್ಲ ಹೀಗೇ ಎಂದು ಕೈಬಿಡುತ್ತಾನೆ. ನಂಬಿಕೆ ಇದ್ದದ್ದು ಮಕ್ಕಳನ್ನು ಒಂದು ದಿನವಾದರೂ ಪ್ರೀತಿಯಿಂದ ನೋಡಲಿ ಎಂಬುದಕ್ಕೆ, ಮುನ್ನೂರ ಅರವತ್ತು ದಿನದ ನೆಪಕ್ಕಲ್ಲ.

ಮಾತಿಗೆ ತಪ್ಪದವರು ಎಂದು ದೇಶವೇ ಒಪ್ಪಿದ ಗಾಂಧೀಜಿಯವರ ಜೀವನದಲ್ಲೂ ಈ ಕಷ್ಟ ಬಂದಿತ್ತು. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ತಾಯಿ ಪುತಲೀಬಾಯಿಯವರ ಮುಂದೆ ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಅದನ್ನು ನಡೆಸಿದರು. ಮುಂದೆ ಹಾಲನ್ನು ಬಿಡುವ ವ್ರತ ತೊಟ್ಟರು. ಖೇಡಾ ಜಿಲ್ಲೆಯಲ್ಲಿ ಓಡಾಡಿದ 1918ರಲ್ಲಿ ಕಾಯಿಲೆ ಬಿದ್ದು ಬಹಳ ಕ್ಷೀಣರಾದಾಗ ವೈದ್ಯರು ಹಾಲು ಬೇಕೇ ಬೇಕು ಎಂದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳು, ಮೇಕೆ ಹಾಲು ಕುಡಿಯಬಹುದಲ್ಲ ಎಂದು ಕಸ್ತೂರ್ಬಾ ದಾರಿ ತೋರಿಸಿದರು. ಗಾಂಧೀಜಿ ಕುಡಿದರು, ಬದುಕಿದರು. ಆದರೆ ತಾನು ವ್ರತದ ಅಕ್ಷರವನ್ನು ಉಳಿಸಿ ಅದರ ಜೀವವನ್ನು ಬಿಟ್ಟೆ ಎಂಬ ನೋವನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದುಕೊಂಡರು. ಅಂದರೆ ತಪ್ಪಿದ ಅಂಕಿಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸಹಿ. ಅದಾದ ಮೇಲೆ ಅವರು ವ್ರತಗಳನ್ನೇನೂ ಬಿಡಲಿಲ್ಲ. ಮುಂದಿನ ಮೂವತ್ತು ವರ್ಷ ಅವರು ಮಾಡಿದ ಕೆಲಸ ಎಲ್ಲರಿಗೂ ಗೊತ್ತಿದೆ.

ತಪ್ಪಿದವನಿಗೆ ನಮ್ಮ ದೇವಸ್ಥಾನಗಳ ಸಂಪ್ರದಾಯದಲ್ಲಿ ಒಂದು ಜಾಗವನ್ನು ಹಿಂದಿನಿಂದಲೇ ಇಟ್ಟಿದ್ದಾರೆ. ಅದೇ ತಪ್ಪು ಕಾಣಿಕೆ. ಹರಕೆ ತಡವಾದರೆ, ನೇಮ ಕೆಟ್ಟರೆ, ಮಾತು ಮರೆತರೆ ಒಂದಿಷ್ಟು ಕಾಣಿಕೆ ಹಾಕಿ ತಪ್ಪಾಯಿತು ಎನ್ನುವುದು. ಮನುಷ್ಯ ತಪ್ಪುತ್ತಾನೆ ಎಂಬುದನ್ನು ಮೊದಲೇ ತಿಳಿದು ಮಾಡಿದ ವ್ಯವಸ್ಥೆ ಇದು. ತಪ್ಪಿದವನು ಬರಲೇಬಾರದು ಎಂದಿದ್ದರೆ ಈ ಹೆಸರಿನ ಕಾಣಿಕೆಯೇ ಹುಟ್ಟುತ್ತಿರಲಿಲ್ಲ.

ಆದರೆ ಇದನ್ನು ದಂಡ ಕಟ್ಟಿ ಬಿಡುಗಡೆಯಾಗುವ ಹಾಗೆ ತಿಳಿದವರೂ ಇದ್ದಾರೆ. ವರ್ಷವೆಲ್ಲ ಮನೆಯವರನ್ನು ಗೋಳುಹೊಯ್ದು ಯುಗಾದಿಗೆ ಬಂದು ಐವತ್ತೋ ನೂರೋ ಹಾಕಿ ಹಗುರಾಗಿ ಇಳಿದು ಹೋಗುವುದು. ದೇವರಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ದೇವರಿಗೆ ಕಾಣಿಕೆ ಸರಿ. ಹೆಂಡತಿಗೆ ಹೊಡೆದದ್ದಕ್ಕೆ, ಅಣ್ಣನ ಪಾಲಿನ ಜಮೀನು ಒತ್ತಿದ್ದಕ್ಕೆ, ಕೂಲಿಯವರ ದುಡ್ಡು ಹಿಡಿದದ್ದಕ್ಕೆ ತಪ್ಪು ಕಾಣಿಕೆ ಸಲ್ಲಬೇಕಾದ ಹುಂಡಿ ಗುಡಿಯೊಳಗಿಲ್ಲ, ಅದು ಅವರ ಮನೆ ಬಾಗಿಲಲ್ಲಿದೆ. ಈ ವಿಷಯದಲ್ಲಿ ಮೃದುವಾಗಿ ಹೇಳಲು ಆಗುವುದಿಲ್ಲ. ತನ್ನನ್ನು ತಾನು ಕರುಣೆಯಿಂದ ನೋಡಿಕೊಳ್ಳಬೇಕು ಎಂಬುದು ತನ್ನಿಂದ ನೊಂದವರನ್ನು ಮರೆಯಬೇಕು ಎಂದಲ್ಲ. ಪುಸ್ತಕದಲ್ಲಿ ಬೇರೆಯವರಿಗೆ ಕೊಡಬೇಕಾದ ಬಾಕಿಯೂ ಹೊಸ ವರ್ಷಕ್ಕೆ ಹಾಗೆಯೇ ಬರುತ್ತದೆ.

ಕುಡಿತದ ವಿಷಯದಲ್ಲಿ ಭಕ್ತಾದಿಗಳು ಇನ್ನೊಂದು ಸಂಗತಿ ತಿಳಿದಿರಬೇಕು. ಬಹಳ ವರ್ಷ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ನಿದ್ದೆಯಿಲ್ಲದಿರುವುದು, ಕೆಲವರಿಗೆ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅದು ದೇವರ ಕೋಪವಲ್ಲ, ಶರೀರದ ಧರ್ಮ. ಇಂತಹವರು ಆಣೆಯೊಂದನ್ನೇ ನಂಬದೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಮಾದಪ್ಪನ ಮುಂದೆ ಸಂಕಲ್ಪ ಮಾಡಿ ವೈದ್ಯರ ಬಳಿಗೆ ಹೋಗುವುದರಲ್ಲಿ ಭಕ್ತಿಗೆ ಯಾವ ಕುಂದೂ ಇಲ್ಲ.

ಇನ್ನು ತಾಳುಬೆಟ್ಟದ ಬುಡದಲ್ಲಿ ಕುಳಿತಿದ್ದ ರೈತನ ವಿಚಾರ. ಮುದುಕಿ ಅವನ ಮಾತನ್ನೆಲ್ಲ ಕೇಳಿದಳು. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಾಸೋಹಕ್ಕೆಂದು ಊರಿನಿಂದ ಹೊತ್ತು ತಂದಿದ್ದ ರಾಗಿಯ ಗಂಟನ್ನು ಅವನ ಮುಂದೆ ಇಳಿಸಿ, "ನನ್ ಕೈಲಿ ಆಗಕಿಲ್ಲ ಕಲ ಮಗ, ಇದೊಂದ ಮ್ಯಾಕ್ಕೆ ತಲುಪ್ಸು" ಎಂದಳು. ದೇವರ ಗಂಟು, ಬೇಡವೆನ್ನಲು ಆಗುವುದಿಲ್ಲ. ಅವನು ಎದ್ದು ಹೆಗಲಿಗೆ ಹಾಕಿಕೊಂಡ. ಅರ್ಧ ದಾರಿಯಲ್ಲಿ ಕತ್ತಲಾಯಿತು. ಮುದುಕಿ ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದಳು, ಅವನೂ ಗಂಟು ಇಳಿಸಿ ಕಾಯುತ್ತಿದ್ದ. ಮೇಲೆ ತಲುಪಿದಾಗ ಹೆಂಡತಿ ಮಕ್ಕಳು ಮಲಗಿದ್ದರು.

ಬೆಳಗಿನ ಜಾವ ಅಂತರಗಂಗೆಯಲ್ಲಿ ಸ್ನಾನ ಮಾಡಿ ಸರದಿಯಲ್ಲಿ ನಿಂತ. ಈ ಸಲ ಕರ್ಪೂರ ಹಚ್ಚಲಿಲ್ಲ, ಭಾವಮೈದುನರೂ ಜೊತೆಯಲ್ಲಿರಲಿಲ್ಲ. ದರ್ಶನ ಮುಗಿಸಿ ಬಂದು ಸೇವಾ ಕೌಂಟರಿನಲ್ಲಿ ತಪ್ಪು ಕಾಣಿಕೆಗೆ 101 ರೂಪಾಯಿ ರಸೀದಿ ಬೇಕು ಎಂದು ಕೇಳಿದ. ಹುಂಡಿಗೆ ಹಾಕುವುದಕ್ಕೆ ರಸೀದಿ ಇರುವುದಿಲ್ಲ ಎಂದು ಅಲ್ಲಿದ್ದವರು ಹೇಳಿದರು. "ಮತ್ತೆ ಮನೇಲಿ ತೋರ್ಸಕ್ಕೆ ಬೇಕಲ್ಲ ಸ್ವಾಮಿ" ಎಂದ. ಹಿಂದೆ ನಿಂತಿದ್ದ ಅವನ ಹೆಂಡತಿ, "ನಂಗೆ ಕಾಗ್ದ ಬ್ಯಾಡ, ಬಾ, ತೇರು ಹೊಂಡ್ತದೆ" ಎಂದು ಅವನ ಟವೆಲ್ಲಿನ ತುದಿ ಹಿಡಿದು ಎಳೆದಳು.